ಪರ್ಸೆಂಟೇಜ್ ಹೇಳಿದ್ರಿ, ಹೆಸರು ಯಾವಾಗ ಹೇಳ್ತೀರಾ?

ಸಂಪಾದಕರಿಗೆ ನಮಸ್ಕಾರ.

ನಮ್ಮಪ್ಪ ನಿಮ್ಮ ಪೇಪರನ್ನ ಮೂವತ್ತು ವರ್ಷದಿಂದ ಓದ್ತಿದ್ದಾರೆ. ಹಾಸನ ಜಿಲ್ಲೆಯ ಒಂದು ಹಳ್ಳಿ, ಬೆಳಗ್ಗೆ ಮೊದಲನೇ ಬಸ್ಸಲ್ಲಿ ಪೇಪರ್ ಕಟ್ಟು ಬರುತ್ತೆ, ಅಪ್ಪನೇ ಸರ್ಕಲ್ ತನಕ ನಡ್ಕೊಂಡು ಹೋಗಿ ತರ್ತಾರೆ. 2024ರ ಆಗಸ್ಟಲ್ಲಿ ಅಮೆರಿಕದ ಶೆವ್ರಾನ್ ತೈಲ ಕಂಪನಿ ಬೆಂಗಳೂರಲ್ಲಿ 100 ಕೋಟಿ ಡಾಲರ್ ಹಾಕಿ ಎಂಜಿನಿಯರಿಂಗ್ ಸೆಂಟರ್ ಮಾಡುತ್ತಂತೆ, 2025ರೊಳಗೆ 600 ಜನಕ್ಕೆ ಕೆಲಸವಂತೆ ಅಂತ ಸುದ್ದಿ ಬಂತಲ್ಲ, ಅದನ್ನ ಕತ್ತರಿಸಿ ಎಲ್‌ಐಸಿ ಬಾಂಡ್ ಇಡೋ ಫೈಲಲ್ಲಿ ಇಟ್ಕೊಂಡು ನನಗೆ ಫೋನ್ ಮಾಡಿ "ನೋಡವ್ವ, ನಿಮ್ಮ ಲೈನಿಗೆ ಒಳ್ಳೇ ಕಾಲ ಬಂತು" ಅಂದ್ರು. ನಾನಿರೋ ಕಂಪನಿ ಬೇರೆ, ಅದರ ಹೆಸರು ಇಲ್ಲಿ ಬೇಡ, ಆದ್ರೆ ಅದೂ ತೈಲ ಮತ್ತು ಗ್ಯಾಸಿಂದೇ, ಅದಕ್ಕೂ ಅಮೆರಿಕದಲ್ಲಿ ದೊಡ್ಡ ಆಫೀಸು, ಬೆಂಗಳೂರಲ್ಲಿ ಒಂದು ಸೆಂಟರು. ಹಾಗಾಗಿ ಅಪ್ಪ ಖುಷಿಪಟ್ಟಿದ್ದರಲ್ಲಿ ತಪ್ಪೇನಿಲ್ಲ.

ಅದಾಗಿ ಆರು ತಿಂಗಳಿಗೆ, 2025ರ ಫೆಬ್ರವರಿಯಲ್ಲಿ, ಅದೇ ಶೆವ್ರಾನ್ 2026ರ ಕೊನೆ ಹೊತ್ತಿಗೆ ಪ್ರಪಂಚದಾದ್ಯಂತ ತನ್ನ ನೌಕರರಲ್ಲಿ 15ರಿಂದ 20 ಪರ್ಸೆಂಟ್ ಜನರನ್ನ ಕಡಿಮೆ ಮಾಡ್ತೀನಿ ಅಂತ ಹೇಳ್ತು. 200ರಿಂದ 300 ಕೋಟಿ ಡಾಲರ್ ಖರ್ಚು ಉಳಿಸ್ಬೇಕು ಅನ್ನೋದು ಅವರ ಲೆಕ್ಕ. ಕೆಲಸ ಹೇಗೆ ಮಾಡ್ತೀವಿ, ಎಲ್ಲಿ ಮಾಡ್ತೀವಿ ಅನ್ನೋದನ್ನೇ ಬದಲಾಯಿಸ್ತೀವಿ, ಜಾಗತಿಕ ಸೆಂಟರ್‌ಗಳನ್ನ ಇನ್ನೂ ಜಾಸ್ತಿ ಬಳಸ್ಕೊಳ್ತೀವಿ ಅಂತಾನೂ ಕಂಪನಿ ತಾನೇ ಬರೆದು ಹೇಳಿತ್ತು. ಈ ಸುದ್ದಿ ಅಪ್ಪನ ಫೈಲಲ್ಲಿ ಇಲ್ಲ. ಕಣ್ಣಿಗೆ ಬಿದ್ದಿದ್ರೂ ಎರಡೂ ಒಂದೇ ಹಗ್ಗದ ಎರಡು ತುದಿ ಅಂತ ಅವರಿಗೆ ಹೊಳೀತಿರಲಿಲ್ಲ, ಯಾಕಂದ್ರೆ ಜನ ತೆಗೆಯೋ ಸುದ್ದಿ ವಾಣಿಜ್ಯ ಪುಟದಲ್ಲಿ ಬರುತ್ತೆ, ಕೆಲಸ ಬಂತು ಅನ್ನೋ ಸುದ್ದಿ ಮುಖಪುಟದಲ್ಲಿ ಬರುತ್ತೆ. ನಾನು ಈ ಪತ್ರ ಬರೀತಿರೋದು ಇದಕ್ಕೇ. ಬೆಂಗಳೂರಿಗೆ ಕೆಲಸ ಬಂತು ಅಂತ ಬರೆಯೋರು ಆ ಕೆಲಸ ಯಾರ ಮೇಜಿನಿಂದ ಎದ್ದು ಬಂತು, ಬರೋವಾಗ ಅವರಿಗೆ ಏನು ಹೇಳಿದ್ರು, ಇಲ್ಲಿ ಕೂತ ನಮಗೆ ಏನು ಹೇಳ್ತಿದ್ದಾರೆ ಅನ್ನೋದನ್ನೂ ಬರೀಬೇಕು.

ಒಂದೇ ಕಂಪನಿ ಕಥೆ ಅಂದ್ಕೋಬೇಡಿ. 2025ರ ಜನವರಿಯಲ್ಲಿ ಬ್ರಿಟನ್ನಿನ ತೈಲ ಕಂಪನಿ ಬಿಪಿ 4,700 ನೌಕರರನ್ನ, ಅದರ ಜೊತೆ 3,000 ಕಾಂಟ್ರಾಕ್ಟ್ ಜನರನ್ನ ತೆಗೀತೀವಿ ಅಂತು. ಸೆಪ್ಟೆಂಬರಲ್ಲಿ ಕಾನಕೋಫಿಲಿಪ್ಸ್ 20ರಿಂದ 25 ಪರ್ಸೆಂಟ್ ಅಂತು, ಅಂದ್ರೆ ಸುಮಾರು 13,000 ಜನರಲ್ಲಿ ಪ್ರತಿ ನಾಲ್ಕೈದು ಜನಕ್ಕೆ ಒಬ್ಬರು. ಅದೇ ತಿಂಗಳ ಕೊನೇಲಿ ಎಕ್ಸಾನ್‌ಮೊಬಿಲ್ 2,000 ಅಂತು, ಅದರ ಕೈಲಿರೋ ಕೆನಡಾದ ಇಂಪೀರಿಯಲ್ ಆಯಿಲ್ 20 ಪರ್ಸೆಂಟ್ ಅಂತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಬ್ಯಾರೆಲ್‌ಗೆ 120 ಡಾಲರ್ ದಾಟಿದ್ದ ಕಚ್ಚಾ ತೈಲ 2025ರಲ್ಲಿ ಅರವತ್ತು ಎಪ್ಪತ್ತರ ಹತ್ರ ಓಡಾಡ್ತಿತ್ತು, ತೈಲ ರಫ್ತು ಮಾಡೋ ದೇಶಗಳ ಕೂಟ ಒಪೆಕ್ ಮತ್ತು ಅದರ ಜೊತೆಗಾರ ದೇಶಗಳು ಉತ್ಪಾದನೆ ಜಾಸ್ತಿ ಮಾಡಿದ್ರು. ಇನ್ನೊಂದು ಕಡೆ ಕಂಪನಿಗಳು ಒಂದನ್ನೊಂದು ಕೊಂಡ್ಕೊಂಡವು, ಎಕ್ಸಾನ್ ಪಯೊನೀರನ್ನ, ಕಾನಕೋ ಮ್ಯಾರಥಾನ್ ಆಯಿಲನ್ನ, ಶೆವ್ರಾನ್ ಹೆಸ್ಸನ್ನ. ಎರಡು ಕಂಪನಿ ಒಂದಾದ್ರೆ ಒಂದೇ ಕೆಲಸಕ್ಕೆ ಎರಡು ಕುರ್ಚಿ ಆಗುತ್ತೆ, ಒಂದು ಖಾಲಿ ಮಾಡಿಸ್ತಾರೆ. ಬೆಲೆ ಬಿದ್ದಾಗ ಜನ ಕಡಿಮೆ ಮಾಡೋದು ಈ ಉದ್ಯಮಕ್ಕೆ ಹೊಸದೇನಲ್ಲ, 2020ರಲ್ಲೂ ಮಾಡಿದ್ರು, 2015, 16ರಲ್ಲೂ ಮಾಡಿದ್ರು, ಅದು ನನಗೂ ಅರ್ಥ ಆಗುತ್ತೆ. ಸಂಬಳ ಕೊಡೋಕೆ ಆಗದೇ ಇದ್ರೆ ಕೊಡಿ ಅಂತ ಯಾರೂ ಹಠ ಹಿಡಿಯಲ್ಲ.

ನನ್ನ ಸಿಟ್ಟಿರೋದು ಹೇಳೋ ರೀತಿ ಮೇಲೆ. ಷೇರುದಾರರಿಗೆ ಪರ್ಸೆಂಟೇಜನ್ನ ಒಂದೇ ದಿನದಲ್ಲಿ ಹೇಳ್ತಾರೆ, ನೌಕರನಿಗೆ ಅವನ ಹೆಸರು ಆ ಪರ್ಸೆಂಟೇಜಲ್ಲಿ ಇದೆಯೋ ಇಲ್ವೋ ಅಂತ ಹೇಳೋಕೆ ಎಂಟು ತಿಂಗಳು, ಹತ್ತು ತಿಂಗಳು, ಕೆಲವು ಕಡೆ ಒಂದೂವರೆ ವರ್ಷ ತಗೊಳ್ತಾರೆ. ನಮ್ಮ ಕಂಪನಿಯೂ ಒಂದು ಪರ್ಸೆಂಟೇಜ್ ಹೇಳಿದೆ, ಎಷ್ಟು ಅಂತ ಬರೆದ್ರೆ ಯಾವ ಕಂಪನಿ ಅಂತ ಗೊತ್ತಾಗ್ಬಿಡುತ್ತೆ, ಅದಕ್ಕೆ ಬರೀತಿಲ್ಲ. ಹೇಳಿದ ದಿನದಿಂದ ಇವತ್ತಿನ ತನಕ ನಾಲ್ಕು ಟೌನ್‌ಹಾಲ್, ಅಂದ್ರೆ ಎಲ್ಲಾ ನೌಕರರನ್ನ ಸೇರಿಸಿ ಮಾಡೋ ಮೀಟಿಂಗ್, ಆಗಿದೆ. ನಾಲ್ಕರಲ್ಲೂ "ನಿಮ್ಮ ಆತಂಕ ನಮಗೆ ಅರ್ಥ ಆಗುತ್ತೆ, ಪ್ರಕ್ರಿಯೆ ನಡೀತಾ ಇದೆ" ಅಂದ್ರು. ಬೆಂಗಳೂರು ಸೆಂಟರಲ್ಲೂ ಜನ ಹೋಗ್ತಾರಾ ಅಂತ ಒಬ್ಬ ಹುಡುಗ ಹೆಸರು ಹಾಕದೆ ಪ್ರಶ್ನೆ ಕಳಿಸಿದ್ದ, ಅದನ್ನ ಓದ್ಲೇ ಇಲ್ಲ, ಅದರ ಕೆಳಗಿದ್ದ ಕ್ಯಾಂಟೀನ್ ಪ್ರಶ್ನೆ ಓದಿ ಉತ್ತರ ಕೊಟ್ರು. ಅವತ್ತು ಸಂಜೆ ಎಲ್ಲರ ಬಾಯಲ್ಲೂ ಒಂದೇ ಮಾತು, ಓದ್ಲಿಲ್ಲ ಅಂದ್ರೆ ಇದೆ ಅಂತಾನೇ ಅರ್ಥ ಅಂತ.

ಗಾಳಿಸುದ್ದಿ ಹುಟ್ಟೋದು ಹೀಗೆ. ಯಾರೋ ಕೆಟ್ಟವರು ಕೂತು ಹಬ್ಬಿಸ್ತಾರೆ ಅಂತ ಎಚ್‌ಆರ್‌ನವರು ಮೇಲ್ ಕಳಿಸ್ತಾರೆ, "ವದಂತಿಗಳಿಗೆ ಕಿವಿಗೊಡಬೇಡಿ" ಅಂತ, ಆದ್ರೆ ಕಿವಿಗೆ ಹಾಕ್ಕೊಳ್ಳೋಕೆ ಬೇರೆ ಏನು ಕೊಟ್ಟಿದ್ದೀರಾ ಸ್ವಾಮಿ? ಮೂರನೇ ಮಹಡಿಯ ಮೀಟಿಂಗ್ ರೂಮಿನ ಗಾಜಿಗೆ ಕಾಗದ ಅಂಟಿಸಿದ್ರೆ ಒಂದು ಸುದ್ದಿ. ಎಚ್‌ಆರ್‌ನಲ್ಲಿ ಒಬ್ಬರ ರಜೆ ಕ್ಯಾನ್ಸಲ್ ಆದ್ರೆ ಒಂದು ಸುದ್ದಿ. ಕ್ಯಾಲೆಂಡರಲ್ಲಿ ವಿಷಯ ಬರೆಯದೇ ಇರೋ ಹದಿನೈದು ನಿಮಿಷದ ಮೀಟಿಂಗ್ ಬಂದ್ರೆ ಎದೆ ಧಸಕ್ ಅನ್ನುತ್ತೆ, ನಮ್ಮ ಟೀಮಲ್ಲಿ ಒಬ್ಬಳಿಗೆ ಅಂಥದ್ದು ಬಂದು, ಅವಳು ಅಷ್ಟರಲ್ಲೇ ಡ್ರಾಯರ್ ಖಾಲಿ ಮಾಡಿ ಮಗುವಿನ ಫೋಟೋ ಬ್ಯಾಗಿಗೆ ಹಾಕ್ಕೊಂಡು ಕೂತಿದ್ಲು, ಹೋಗಿ ನೋಡಿದ್ರೆ ಲ್ಯಾಪ್‌ಟಾಪ್ ಬದಲಾಯಿಸೋ ವಿಚಾರ. ಅವಳು ಅವತ್ತು ಬಾತ್‌ರೂಮಲ್ಲಿ ಅತ್ತಿದ್ದು ನಾನು ನೋಡಿದ್ದೀನಿ. ಕ್ಯಾಬ್ ಡ್ರೈವರ್‌ಗಳಿಗೆ ನಮಗಿಂತ ಮುಂಚೆ ಗೊತ್ತಾಗುತ್ತೆ ಅನ್ನೋ ನಂಬಿಕೆ ಬೇರೆ, ಮುಂದಿನ ತಿಂಗಳಿಂದ ನಿಮ್ಮ ರೂಟ್ ಇಲ್ಲ ಮೇಡಂ ಅಂತ ಅವರು ಅಂದ್ರೆ ಸಾಕು, ಆ ರೂಟಿನ ಏಳು ಜನ ರಾತ್ರಿ ನಿದ್ದೆ ಮಾಡಲ್ಲ.

ಇದರಿಂದ ನಿಜವಾಗ್ಲೂ ಜೀವನ ಹಾಳಾಗುತ್ತೆ ಸಂಪಾದಕರೇ. ನಮ್ಮ ಪಕ್ಕದ ಟೀಮಲ್ಲಿದ್ದ ಬೀದರ್ ಕಡೆ ಹುಡುಗ, ತುಂಬಾ ಚೆನ್ನಾಗಿ ಕೆಲಸ ಮಾಡೋನು, ಅವನ ಗ್ರೂಪ್ ಪೂರ್ತಿ ಹೋಗುತ್ತೆ ಅನ್ನೋ ಸುದ್ದಿ ಮೂರು ತಿಂಗಳು ಕೇಳಿ ಕೇಳಿ ತಡ್ಕೊಳ್ಳೋಕೆ ಆಗದೆ ಸಂಬಳ ಕಡಿಮೆ ಇದ್ರೂ ಪರವಾಗಿಲ್ಲ ಅಂತ ಬೇರೆ ಕಡೆ ಸೇರ್ಕೊಂಡ, ಅವನು ಹೋಗಿ ಎರಡು ತಿಂಗಳಿಗೆ ಆ ಗ್ರೂಪಿಗೆ ಏನೂ ಆಗಲ್ಲ ಅಂತ ಗೊತ್ತಾಯ್ತು. ಇನ್ನೊಬ್ಬರು ಅದಕ್ಕೆ ಉಲ್ಟಾ, ನಿಮ್ಮನ್ನ ಮುಟ್ಟಲ್ಲ ಅಂತ ಮ್ಯಾನೇಜರ್ ಬಾಯಿಮಾತಲ್ಲಿ ಹೇಳಿದ್ದನ್ನ ನಂಬಿ ವರ್ತೂರು ಕಡೆ ಫ್ಲ್ಯಾಟಿಗೆ ಲೋನ್ ಸೈನ್ ಮಾಡಿದ್ರು, ಹತ್ತು ವಾರಕ್ಕೆ ಕೆಲಸ ಬಿಡಿಸೋಕೆ ಅವರನ್ನ ಕರೆದ್ರು. ಆ ಮ್ಯಾನೇಜರಿಗೂ ಗೊತ್ತಿರಲಿಲ್ಲವಂತೆ, ಒಂದು ವಾರ ಆದ್ಮೇಲೆ ಅವರನ್ನೂ ಕರೆದ್ರು. ನಲವತ್ತೈದು ದಾಟಿದೋರಿಗೆ ಇನ್ನೊಂದು ಕೆಲಸ ಸಿಗೋದು ಎಷ್ಟು ಕಷ್ಟ ಅಂತ ಈ ಲೈನಲ್ಲಿ ಇರೋರಿಗೆ ಗೊತ್ತು. ರಿಫೈನರಿ, ಅಂದ್ರೆ ಕಚ್ಚಾ ತೈಲ ಶುದ್ಧ ಮಾಡೋ ಪ್ಲಾಂಟಿನ ಕೆಲಸ ಕಲಿತೋರು ಸಾಫ್ಟ್‌ವೇರ್‌ಗೆ ಹಾರೋಕಾಗಲ್ಲ.

ಈಗ ಕೆಟಿ ವಿಚಾರ ಹೇಳ್ಬೇಕು, ಇದನ್ನ ಹೇಳದೇ ಇದ್ರೆ ಈ ಪತ್ರ ಬರೆದೂ ಬರೆಯದ ಹಾಗೆ. ಒಬ್ಬರ ಕೈಲಿರೋ ಕೆಲಸವನ್ನ ಇನ್ನೊಬ್ಬರು ಕಲಿತು ತಗೊಳ್ಳೋದಕ್ಕೆ ನಮ್ಮಲ್ಲಿ ಕೆಟಿ ಅಂತಾರೆ. ನಾನು ಮೆಕ್ಯಾನಿಕಲ್ ಎಂಜಿನಿಯರ್, ರಿಫೈನರಿಯಲ್ಲಿ ಶಾಖ ದಾಟಿಸೋ ಹೀಟ್ ಎಕ್ಸ್‌ಚೇಂಜರ್, ಪಂಪ್, ಪೈಪ್‌ಲೈನ್ ಇವುಗಳನ್ನ ಯಾವಾಗ ಬಿಚ್ಚಬೇಕು, ಯಾವಾಗ ಚೆಕ್ ಮಾಡ್ಬೇಕು, ರಿಪೇರಿಗೆ ಪ್ಲಾಂಟ್ ನಿಲ್ಲಿಸೋ ಶಟ್‌ಡೌನ್‌ಗೆ ಏನೇನು ಸ್ಪೇರ್ ತರಿಸ್ಬೇಕು ಅಂತ ಪ್ಲಾನ್ ಮಾಡೋದು ನನ್ನ ಕೆಲಸ. ಟೆಕ್ಸಾಸ್‌ನ ಒಬ್ಬ ಹಿರಿಯರಿಂದ ಆರು ವಾರ ನಾನು ಕೆಟಿ ತಗೊಂಡೆ, ನಮ್ಮ ಸಂಜೆ ಆರೂವರೆ ಅಂದ್ರೆ ಅವರಿಗೆ ಬೆಳಗ್ಗೆ, ದಿನಕ್ಕೆ ಎರಡು ಗಂಟೆ. ಆ ಪ್ಲಾಂಟಲ್ಲಿ ಇಪ್ಪತ್ತೇಳು ವರ್ಷ ಕೆಲಸ ಮಾಡಿದೋರು. ಕಂಪ್ಯೂಟರಲ್ಲಿ ಒಂದು ಎಕ್ಸ್‌ಚೇಂಜರನ್ನ ನಾಲ್ಕು ವರ್ಷಕ್ಕೆ ಒಮ್ಮೆ ಕ್ಲೀನ್ ಮಾಡ್ಬೇಕು ಅಂತ ಇರುತ್ತೆ. ಅವರು ಹೇಳ್ತಾರೆ, ಭಾರದ ಕಚ್ಚಾ ತೈಲ ಓಡಿಸೋಕೆ ಶುರು ಮಾಡಿದ್ಮೇಲೆ ಎರಡನೇ ಬೇಸಿಗೆಗೇ ಅದು ಕಟ್ಕೊಳ್ಳುತ್ತೆ, ಉತ್ತರದ ಕಡೆ ಕೊನೇ ಪಂಪ್ ಹತ್ರ ನಿಂತು ಸದ್ದು ಕೇಳಿದ್ರೆ ಗೊತ್ತಾಗುತ್ತೆ ಅಂತ. ಇದು ಯಾವ ಡಾಕ್ಯುಮೆಂಟಲ್ಲೂ ಇಲ್ಲ. ನಾನು ಬೆಂಗಳೂರಲ್ಲಿ ಕೂತು ಆ ಪಂಪಿನ ಸದ್ದು ಕೇಳೋದು ಹೇಗೆ?

ನಾಲ್ಕನೇ ವಾರದಲ್ಲಿ ಅವರು ಒಂದು ಪ್ರಶ್ನೆ ಕೇಳಿದ್ರು. ಈ ಕೆಟಿ ಮುಗಿದ್ಮೇಲೆ ನನಗೆ ಬೇರೆ ಪ್ರಾಜೆಕ್ಟ್ ಕೊಡ್ತಾರೆ ಅಂತ ಹೇಳಿದ್ದಾರೆ, ನಿಮಗೇನಾದ್ರೂ ಗೊತ್ತಾ ಅಂತ. ನನಗೆ ಗೊತ್ತಿತ್ತು ಸಂಪಾದಕರೇ. ಪೂರ್ತಿ ಗೊತ್ತಿರಲಿಲ್ಲ, ಆದ್ರೆ ನಮ್ಮ ಕಡೆ ಕಳಿಸಿದ್ದ ಪ್ಲಾನ್ ಶೀಟಲ್ಲಿ ಆರನೇ ವಾರದ ಮುಂದೆ ಅವರ ಹೆಸರಿನ ಎದುರು ಖಾಲಿ ಇತ್ತು, ಮಿಕ್ಕೋರ ಎದುರು ಏನಾದ್ರೂ ಬರೆದಿತ್ತು. ಗೊತ್ತಿಲ್ಲ ಸರ್ ಅಂದೆ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡೋರು, ನಮ್ಮಪ್ಪನ ಹಾಗೆ ಕನ್ನಡಕವನ್ನ ಮೂಗಿನ ಮೇಲಿಂದ ಕೆಳಗಿಳಿಸ್ಕೊಂಡು ಸ್ಕ್ರೀನ್ ನೋಡೋರು, ಅವರಿಗೆ ಸುಳ್ಳು ಹೇಳೋ ಕೆಲಸ ನನ್ನ ಪಾಲಿಗೆ ಯಾಕೆ ಬಂತು? ಹೇಳ್ಬೇಕಾಗಿದ್ದೋರು ಹೇಳದೇ ಇದ್ದಿದ್ದಕ್ಕೆ ಬಂತು. ಆರನೇ ವಾರ ಮುಗಿದ ಸೋಮವಾರ ಅವರ ಹೆಸರು ಹುಡುಕಿದ್ರೆ ಸಿಸ್ಟಮಲ್ಲಿ ಸಿಗಲಿಲ್ಲ. ಅವರ ಕೈಬರಹದ ನೋಟ್‌ಬುಕ್ಕಿನ ಪುಟಗಳನ್ನ ಸ್ಕ್ಯಾನ್ ಮಾಡಿ ಗುರುವಾರನೇ ಕಳಿಸಿದ್ರು, ಯಾರೂ ಕೇಳಿರಲಿಲ್ಲ, ಪ್ಲಾಂಟಿಗೆ ಬೇಕಾಗುತ್ತೆ ಅಂತ ಅವರೇ ಕಳಿಸಿದ್ರು.

ಇದನ್ನ ಬರೀ ಮನಸ್ಸಿನ ನೋವು ಅಂತ ತಳ್ಳಿಹಾಕೋ ಹಾಗಿಲ್ಲ. 2005ರ ಮಾರ್ಚ್ 23ರಂದು ಟೆಕ್ಸಾಸ್ ಸಿಟಿಯಲ್ಲಿ ಬಿಪಿ ರಿಫೈನರಿ ಸ್ಫೋಟ ಆಯ್ತು, 15 ಜನ ಸತ್ರು, 180 ಜನಕ್ಕೆ ಗಾಯ ಆಯ್ತು. ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ ತನಿಖೆ ಮಾಡಿ 2007ರಲ್ಲಿ ಕೊಟ್ಟ ವರದಿಯಲ್ಲಿ ಖರ್ಚು ಕಡಿತ, ಪ್ಲಾಂಟಿಗೆ ಹಣ ಹಾಕದೇ ಇದ್ದಿದ್ದು, ಉತ್ಪಾದನೆಯ ಒತ್ತಡ, ಇವು ಸುರಕ್ಷತೆಯನ್ನ ಹಾಳು ಮಾಡಿದ್ವು ಅಂತ ಸ್ಪಷ್ಟವಾಗಿ ಹೇಳಿದೆ. ನಮ್ಮ ಟ್ರೇನಿಂಗಲ್ಲೇ ಇದನ್ನ ಪಾಠ ಮಾಡ್ತಾರೆ, ಎಲ್ಲ ಹೊಸಬರಿಗೂ ತೋರಿಸ್ತಾರೆ. ನಾಳೆ ಕೆಲಸ ಇರುತ್ತೋ ಇಲ್ವೋ ಅಂತ ಫೋನ್ ನೋಡ್ಕೊಂಡು ಕೂತ ಮನುಷ್ಯ ಪ್ರೆಶರ್ ರೀಡಿಂಗನ್ನ ಎರಡು ಸಲ ಚೆಕ್ ಮಾಡ್ತಾನಾ? ನನ್ನ ಹೆಸರು ಲಿಸ್ಟಿಗೆ ಹೋಗುತ್ತೇನೋ ಅನ್ನೋ ಭಯದಲ್ಲಿ ಇರೋನು, ಈ ಶಟ್‌ಡೌನ್ ಮುಂದೂಡಬೇಡಿ ಸರ್, ಅಪಾಯ ಇದೆ ಅಂತ ಮೇಲಿನವರಿಗೆ ಎದುರು ಹೇಳ್ತಾನಾ? ನನಗೇ ಹೋದ ತಿಂಗಳು ಒಂದು ವಿಷಯದಲ್ಲಿ ಎದುರು ಹೇಳೋಕೆ ಮೂರು ದಿನ ಬೇಕಾಯ್ತು, ಮುಂಚೆ ಆಗಿದ್ರೆ ಅದೇ ಮೀಟಿಂಗಲ್ಲಿ ಹೇಳಿರ್ತಿದ್ದೆ.

ಟೆಕ್ಸಾಸ್‌ನ ಹ್ಯೂಸ್ಟನ್ ಕಡೆ ನಮ್ಮೋರೂ ಕಡಿಮೆ ಇಲ್ಲ. ಅದರ ಅಕ್ಕಪಕ್ಕದ ಊರುಗಳಾದ ಕೇಟಿ, ಶುಗರ್‌ಲ್ಯಾಂಡ್ ಕಡೆ ಎಷ್ಟೋ ಕನ್ನಡದ ಮನೆಗಳಿವೆ, ನನ್ನ ಕಾಲೇಜ್ ಗೆಳತಿಯೊಬ್ಬಳು ಅಲ್ಲೇ ಇದ್ದಾಳೆ, ಮೈಸೂರಿನವಳು. ಎಚ್-1ಬಿ ವೀಸಾದಲ್ಲಿ ಇರೋರಿಗೆ ಕೆಲಸ ಹೋದ್ರೆ 60 ದಿನ ಮಾತ್ರ ಟೈಮು, ಅಷ್ಟರಲ್ಲಿ ಇನ್ನೊಂದು ಕಂಪನಿ ಅರ್ಜಿ ಹಾಕ್ಬೇಕು, ಇಲ್ಲ ವೀಸಾದ ಬಗೆ ಬದಲಾಯಿಸ್ಬೇಕು, ಇಲ್ಲ ದೇಶ ಬಿಡ್ಬೇಕು. ಅವಳ ಮಗ ಅಲ್ಲೇ ಹುಟ್ಟಿದವನು, ಎರಡನೇ ಕ್ಲಾಸು. ಬೇಸಿಗೆ ರಜೆಗೆ ಮೈಸೂರಿಗೆ ಬರೋ ಟಿಕೆಟ್ ಬುಕ್ ಮಾಡ್ಬೇಕಾ, ವಾಪಸ್ ಹೋಗೋ ಟಿಕೆಟ್ ಮಾಡ್ಬೇಕಾ ಅಂತಾನೇ ಅವಳಿಗೆ ಗೊತ್ತಿಲ್ಲ. ಅಲ್ಲಿ ಒಂದು ಕಾನೂನಾದ್ರೂ ಇದೆ, 1988ರದ್ದು, ವಾರ್ನ್ ಆಕ್ಟ್ ಅಂತಾರೆ, 100 ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಕಂಪನಿ ದೊಡ್ಡ ಪ್ರಮಾಣದಲ್ಲಿ ಜನ ತೆಗೀಬೇಕಾದ್ರೆ 60 ದಿನ ಮುಂಚೆ ಬರವಣಿಗೆಯಲ್ಲಿ ತಿಳಿಸ್ಬೇಕು, ರಾಜ್ಯ ಸರ್ಕಾರಕ್ಕೂ ಕೊಡ್ಬೇಕು. ಆ ನೋಟಿಸ್‌ಗಳನ್ನ ಎಷ್ಟೋ ರಾಜ್ಯಗಳು ಎಲ್ಲರಿಗೂ ಕಾಣೋ ಹಾಗೆ ಪ್ರಕಟ ಮಾಡ್ತಾವೆ. ಅದರಲ್ಲೂ ಸಂದುಗೊಂದು ಇದೆ, ಆದ್ರೆ ಒಂದು ಕಾಗದ ಅಂತ ಇದೆ.

ನಮ್ಮಲ್ಲಿ ಏನಿದೆ? 1947ರ ಕೈಗಾರಿಕಾ ವಿವಾದ ಕಾಯ್ದೆ ಜಾಗಕ್ಕೆ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಒಂದು ವರ್ಷ ಸರ್ವೀಸ್ ಆದ ಕಾರ್ಮಿಕನನ್ನ ತೆಗೀಬೇಕಾದ್ರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಪ್ರತಿ ವರ್ಷದ ಸರ್ವೀಸಿಗೆ 15 ದಿನದ ಸಂಬಳ ಪರಿಹಾರ, ಬೇರೆ ಕೆಲಸ ಕಲಿಯೋಕೆ ಇನ್ನೊಂದು 15 ದಿನದ ಸಂಬಳ ಅಂತ ಇದೆ. ಆದ್ರೆ ಮ್ಯಾನೇಜರ್ ಕೆಲಸ ಮಾಡೋರು, ತಿಂಗಳಿಗೆ 18,000ಕ್ಕಿಂತ ಜಾಸ್ತಿ ಸಂಬಳದ ಸೂಪರ್‌ವೈಸರ್‌ಗಳು ಅದರೊಳಗೆ ಬರಲ್ಲ. ನನ್ನ ಕಾರ್ಡಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಅಂತ ಇದೆ, ನನ್ನ ಕೈಕೆಳಗೆ ಒಬ್ಬರೂ ಇಲ್ಲ. ಹೆಸರು ಮುಖ್ಯ ಆಗಲ್ಲ, ನಿಜವಾಗ್ಲೂ ಮಾಡೋ ಕೆಲಸ ಮುಖ್ಯ ಅಂತ ಕೋರ್ಟುಗಳು ಹೇಳಿವೆ, ಆದ್ರೆ ಇಎಂಐ ಕಟ್ಟೋ ಹೆಣ್ಣುಮಗಳು ಅದನ್ನ ಸಾಬೀತು ಮಾಡೋಕೆ ಎಷ್ಟು ವರ್ಷ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಅಲೀಬೇಕು?

ಇನ್ನೂ ದೊಡ್ಡ ಸಮಸ್ಯೆ ಅಂದ್ರೆ ನಮ್ಮಲ್ಲಿ ಯಾರನ್ನೂ ತೆಗೆಯೋದೇ ಇಲ್ಲ, ಎಲ್ಲರೂ ತಾವಾಗೇ ರಾಜೀನಾಮೆ ಕೊಟ್ಟ ಹಾಗೆ ಕಾಗದದಲ್ಲಿ ಇರುತ್ತೆ. ರೂಮಿಗೆ ಕರೀತಾರೆ, ಎರಡು ದಾರಿ ಇಡ್ತಾರೆ, ಈಗಲೇ ರಾಜೀನಾಮೆ ಟೈಪ್ ಮಾಡಿ ಕಳಿಸಿದ್ರೆ ಮೂರು ತಿಂಗಳ ಸಂಬಳ ಮತ್ತು ಒಳ್ಳೇ ರಿಲೀವಿಂಗ್ ಲೆಟರ್, ಇಲ್ಲಾಂದ್ರೆ ನಿಮ್ಮ ಪರ್ಫಾರ್ಮೆನ್ಸ್ ಸರಿ ಇಲ್ಲ ಅಂತ ಬರೀತೀವಿ. ಮನೆಗೆ ಫೋನ್ ಮಾಡಿ ಕೇಳ್ತೀನಿ ಅಂದ್ರೆ ಫೋನ್ ಮೇಜಿನ ಮೇಲಿಡಿ ಅಂತಾರೆ. ಹಾಗೆ ಸೈನ್ ಮಾಡಿ ಬಂದ ಇಬ್ಬರು ನನ್ನ ಜೊತೆ ಊಟಕ್ಕೆ ಕೂರ್ತಿದ್ದೋರು. ವೆಂಡರ್ ಮೂಲಕ ಬಂದ ಕಾಂಟ್ರಾಕ್ಟ್ ಹುಡುಗರಿಗೆ ಆ ರೂಮೂ ಇಲ್ಲ, ಶುಕ್ರವಾರ ಸಂಜೆ ಏಜೆನ್ಸಿಯಿಂದ ಒಂದು ಕಾಲ್ ಬರುತ್ತೆ, ಸೋಮವಾರ ಗೇಟಲ್ಲಿ ಕಾರ್ಡ್ ಕೆಲಸ ಮಾಡಲ್ಲ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಐಟಿ ಮತ್ತು ಜ್ಞಾನ ಆಧಾರಿತ ಕಂಪನಿಗಳಿಗೆ ಕೆಲಸದ ನಿಯಮಗಳನ್ನ ಬರೆದಿಡ್ಬೇಕು ಅನ್ನೋ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದ ಇನ್ನೂ ಐದು ವರ್ಷ ವಿನಾಯಿತಿ ಕೊಡ್ತು, ಜೊತೆಗೆ ಷರತ್ತು ಹಾಕ್ತು, ಕುಂದುಕೊರತೆ ಸಮಿತಿ ಇರ್ಬೇಕು, ವಜಾ ಮಾಡಿದ್ರೆ ಕಾರ್ಮಿಕ ಇಲಾಖೆಗೆ ತಿಳಿಸ್ಬೇಕು ಅಂತ. ರಾಜೀನಾಮೆ ಬರೆಸ್ಕೊಂಡ್ರೆ ವಜಾ ಅಂತ ಎಲ್ಲಿದೆ, ಇಲಾಖೆಗೆ ಏನು ತಿಳಿಸ್ತಾರೆ?

ಹಾಗಾಗಿ ನಾನು ಕೇಳೋದು ಇಷ್ಟೇ. ಸರ್ಕಾರ 2024ರಲ್ಲಿ ಜಿಸಿಸಿ ಪಾಲಿಸಿ, ಅಂದ್ರೆ ಹೊರಗಿನ ಕಂಪನಿಗಳು ಇಲ್ಲಿ ಮಾಡೋ ಇಂಥ ಜಾಗತಿಕ ಸೆಂಟರ್‌ಗಳಿಗೆ ಪಾಲಿಸಿ ಮಾಡಿದೆ, 2029ರೊಳಗೆ 500 ಹೊಸ ಸೆಂಟರ್, 3.5 ಲಕ್ಷ ಕೆಲಸ ಅಂತ ಗುರಿ ಇಟ್ಕೊಂಡಿದೆ, ಬರೋ ಕಂಪನಿಗಳಿಗೆ ಸವಲತ್ತು ಕೊಡ್ತಿದೆ. ಕೊಡ್ಲಿ. ಆ ಸವಲತ್ತಿನ ಜೊತೆ ಒಂದು ಷರತ್ತು ಸೇರಿಸ್ಲಿ, ಪ್ರಪಂಚಕ್ಕೆ ಪರ್ಸೆಂಟೇಜ್ ಘೋಷಣೆ ಮಾಡಿದ ಕಂಪನಿ ಕರ್ನಾಟಕದಲ್ಲಿ ಎಷ್ಟು ಜನ, ಯಾವ ವಿಭಾಗ, ಯಾವ ತಾರೀಖಿನೊಳಗೆ ಅಂತ 60 ದಿನ ಮುಂಚೆ ಬರವಣಿಗೆಯಲ್ಲಿ ಹೇಳ್ಬೇಕು, ಹತ್ತೇ ಜನ ಹೋಗೋದಾದ್ರೂ ಹೇಳ್ಬೇಕು, ಯಾರೂ ಇಲ್ಲ ಅಂದ್ರೆ ಯಾರೂ ಇಲ್ಲ ಅಂತ ಹೇಳ್ಬೇಕು. ಒಂದೇ ತಿಂಗಳಲ್ಲಿ ಒಂದೇ ಕಡೆಯಿಂದ ಇಪ್ಪತ್ತು ಮೂವತ್ತು ರಾಜೀನಾಮೆ ಬಂದ್ರೆ ಇಲಾಖೆಯೋರು ಹೋಗಿ ಯಾಕೆ ಅಂತ ಕೇಳ್ಬೇಕು. ಕಾಂಟ್ರಾಕ್ಟ್ ಜನರನ್ನೂ ಆ ಲೆಕ್ಕದಲ್ಲಿ ಸೇರಿಸ್ಬೇಕು. ಕಂಪನಿಗಳು ಇದಕ್ಕೆ ಓಡಿಹೋಗ್ತಾವೆ ಅಂತ ಯಾರಾದ್ರೂ ಹೆದರಿಸಬಹುದು, ಆದ್ರೆ ಅವರ ಸ್ವಂತ ದೇಶದಲ್ಲಿ 60 ದಿನದ ನೋಟಿಸ್ ಕೊಟ್ಟುಕೊಂಡೇ ವ್ಯಾಪಾರ ಮಾಡ್ತಿದ್ದಾರಲ್ಲ.

ಮತ್ತೆ ನಿಮ್ಮ ವರದಿಗಾರರಲ್ಲಿ ಒಂದು ವಿನಂತಿ. ಮುಂದಿನ ಸಲ ಯಾವುದಾದ್ರೂ ದೊಡ್ಡ ಎನರ್ಜಿ ಕಂಪನಿ ಬೆಂಗಳೂರಲ್ಲಿ ಸೆಂಟರ್ ಉದ್ಘಾಟನೆ ಮಾಡಿ ಪ್ರೆಸ್ ಮೀಟ್ ಕರೆದಾಗ ದಯವಿಟ್ಟು ಕೈ ಎತ್ತಿ ಕೇಳಿ, ಈ ಕೆಲಸಗಳನ್ನ ಇಷ್ಟು ದಿನ ಮಾಡ್ತಿದ್ದೋರಿಗೆ ಹೇಳಿದ್ದೀರಾ, ಈಗ ಸೇರ್ಕೊಳ್ತಿರೋರಿಗೆ ಮುಂದೆ ಹೀಗೇ ಆಗೋದಾದ್ರೆ ಎಷ್ಟು ದಿನ ಮುಂಚೆ ಹೇಳ್ತೀರಾ ಅಂತ. ಉತ್ತರ ಕೊಟ್ರೆ ಅದನ್ನೇ ಹಾಕಿ, ಕೊಡದಿದ್ರೆ ಕೊಡಲಿಲ್ಲ ಅಂತ ಹಾಕಿ.

ಪತ್ರ ಪ್ರಕಟ ಮಾಡೋದಾದ್ರೆ ನನ್ನ ಹೆಸರು, ಇಮೇಲ್ ಯಾವುದೂ ಹಾಕ್ಬೇಡಿ. ಕಂಪನಿ ಭಯ ಒಂದು ಕಡೆ ಇದೆ. ಅದಕ್ಕಿಂತ ಹೆಚ್ಚಾಗಿ ಅಪ್ಪ ಬೆಳಗ್ಗೆ ಸರ್ಕಲಿಂದ ಪೇಪರ್ ತಂದು ಮೊದಲು ತೆಗೆಯೋದೇ ಓದುಗರ ಪತ್ರದ ಪುಟ. ಮುಂದಿನ ವಾರದಿಂದ ಪುಣೆಯಲ್ಲಿರೋ ಒಬ್ಬ ಹುಡುಗನಿಗೆ ನಾನು ಕೆಟಿ ಕೊಡೋಕೆ ಶುರು ಮಾಡ್ಬೇಕು ಅಂತ ಮೊನ್ನೆ ಮೇಲ್ ಬಂದಿದೆ, ಅದನ್ನ ಅವರಿಗೆ ಇನ್ನೂ ಹೇಳಿಲ್ಲ.

ಇತಿ,
ಒಬ್ಬ ಎಂಜಿನಿಯರ್
ಬೆಂಗಳೂರು